ಅಡುಗೆಕಟ್ಟೆಗೆ ಗ್ರಾನೈಟ್ ಒಂದೇನಾ? ಅಡ್ವಾನ್ಸ್ ಕೊಡೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಮನೆ ಕಟ್ಟಿಸುವವರು ಟೈಲ್ಸ್ ಆರಿಸೋಕೆ ನಾಲ್ಕು ಅಂಗಡಿ ಸುತ್ತುತ್ತಾರೆ, ಪೇಂಟ್ ಬಣ್ಣಕ್ಕೆ ಮನೆಮಂದಿಯೆಲ್ಲಾ ಚರ್ಚೆ ಮಾಡ್ತಾರೆ. ಅಡುಗೆಕಟ್ಟೆ ವಿಷಯ ಬಂದಾಗ ಮಾತ್ರ ‘ಕಪ್ಪು ಗ್ರಾನೈಟ್ ಹಾಕ್ಬಿಡಿ ಮೇಸ್ತ್ರಿ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ಪೇಂಟ್ ಹಿಡಿಸದಿದ್ದರೆ ಮತ್ತೆ ಹೊಡೆಸಬಹುದು. ಕಟ್ಟೆ ಕಲ್ಲು ಕೀಳಬೇಕೆಂದರೆ ಸಿಂಕ್, ನಲ್ಲಿ ಪೈಪು, ಹಿಂಬದಿ ಗೋಡೆಯ ಟೈಲ್ಸ್ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಈಗಂತೂ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ಕ್ವಾರ್ಟ್ಜ್, ನ್ಯಾನೋ ವೈಟ್, ದೊಡ್ಡ ಟೈಲ್ಸ್ ಹಲಗೆ ಅಂತ ಹತ್ತು ಹೆಸರು ಕೇಳಿಬರುತ್ತವೆ. ಯಾವುದು ಎಲ್ಲಿಗೆ ಸರಿ ಅನ್ನೋದು ಅಂಗಡಿಯವರ ಮಾತಿಗಿಂತ ನಿಮ್ಮ ಅಡುಗೆ ರೀತಿ ಮೇಲೆ ನಿಂತಿದೆ.

ಕಡಪ, ಶಾಬಾದ್ ಕಲ್ಲಿಗೆ ಹುಳಿ ಶತ್ರು

ಹಳೆ ಮನೆಗಳಲ್ಲಿ ಇರೋದು ಕಡಪ ಇಲ್ಲವೇ ಶಾಬಾದ್ ಕಲ್ಲು. ಮೊದಲನೆಯದು ಆಂಧ್ರದ ಕಡಪ ಕಡೆಯದು, ಎರಡನೆಯದು ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯದು. ಎರಡೂ ಸುಣ್ಣದ ಕಲ್ಲು. ಸುಣ್ಣದ ಕಲ್ಲಿಗೆ ಹುಳಿ ಆಗಿಬರಲ್ಲ. ನಿಂಬೆಹಣ್ಣು ಹಿಂಡಿದ ಜಾಗ, ಹುಣಸೆಹಣ್ಣು ನೆನೆಸಿದ ಬಟ್ಟಲು ಚೆಲ್ಲಿದ ಜಾಗ, ಮೊಸರು ಬಿದ್ದು ಒಣಗಿದ ಜಾಗ ಮಂಕಾಗುತ್ತದೆ. ಅದು ಕಲೆ ಅಲ್ಲ, ಹುಳಿ ಕಲ್ಲನ್ನೇ ತಿಂದಿರುತ್ತದೆ. ಎಷ್ಟು ಉಜ್ಜಿದರೂ ಹೋಗದು, ಮತ್ತೆ ಪಾಲಿಶ್ ಮಾಡಿಸಬೇಕು. ಮಾರ್ಬಲ್ ಕಥೆಯೂ ಇದೇ. ಬಿಳಿ ಮಾರ್ಬಲ್ ಕಟ್ಟೆ ಮೇಲೆ ಅರಿಶಿನ, ಸಾರಿನ ಪುಡಿ ಬಿದ್ದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ನಮ್ಮ ಅಡುಗೆಗೆ ಮಾರ್ಬಲ್ ಸರಿಹೊಂದೋ ವಸ್ತುವೇ ಅಲ್ಲ. ಹಾಗಂತ ಕಡಪ ಕಲ್ಲು ಕೆಲಸಕ್ಕೆ ಬಾರದ್ದೇನಲ್ಲ. ಕಟ್ಟೆ ಕೆಳಗಿನ ಅಡ್ಡಗೋಡೆ, ಡಬ್ಬ ಇಡುವ ಶೆಲ್ಫು, ಉಗ್ರಾಣದ ಹಲಗೆಗೆ ಈಗಲೂ ಅದೇ ಅಗ್ಗ, ಅದೇ ಗಟ್ಟಿ.

ಗ್ರಾನೈಟ್: ಹೆಸರು ನೋಡಬೇಡಿ, ಕಲ್ಲು ನೋಡಿ

ಗ್ರಾನೈಟ್ ನಮ್ಮ ರಾಜ್ಯದ್ದೇ ಸರಕು. ಚಾಮರಾಜನಗರದ ಕಪ್ಪು, ಇಳಕಲ್‌ನ ಕೆಂಪು, ಕನಕಪುರ ಕಡೆಯ ಮಿಶ್ರ ಬಣ್ಣದ ಕಲ್ಲು ಎಲ್ಲರಿಗೂ ಗೊತ್ತಿರುವಂಥವು. ಕೊಯ್ದು ಪಾಲಿಶ್ ಮಾಡೋ ಕಾರ್ಖಾನೆಗಳು ಬೆಂಗಳೂರು ಪಕ್ಕದ ಜಿಗಣಿಯಲ್ಲೇ ಸಾಲಾಗಿ ಇವೆ. ಬಿಸಿ ಕಾವಲಿ ತಾಗಲಿ, ಹುಳಿ ಚೆಲ್ಲಲಿ, ಚಾಕು ಆಡಲಿ, ಗ್ರಾನೈಟ್ ತಡೆದುಕೊಳ್ಳುತ್ತದೆ. ದಿನಕ್ಕೆ ಮೂರು ಹೊತ್ತು ಒಲೆ ಉರಿಯುವ ಮನೆಗೆ ಇದಕ್ಕಿಂತ ನಂಬಿಕಸ್ತ ಕಲ್ಲು ಇನ್ನೂ ಬಂದಿಲ್ಲ ಅಂದರೂ ತಪ್ಪಿಲ್ಲ.

ತೊಂದರೆ ಇರೋದು ಖರೀದಿಯಲ್ಲಿ. ಬೂದು ಬಣ್ಣದ ಸಾಧಾರಣ ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ‘ಜೆಟ್ ಬ್ಲ್ಯಾಕ್’ ಅಂತ ಮಾರೋದು ಈ ವ್ಯಾಪಾರದಲ್ಲಿ ಹೊಸದಲ್ಲ. ವರ್ಷ ಎರಡು ವರ್ಷದಲ್ಲಿ ಒಲೆ ಅಕ್ಕಪಕ್ಕ ಬಣ್ಣ ಬಿಟ್ಟು ಚುಕ್ಕೆಚುಕ್ಕೆಯಾಗುತ್ತದೆ. ಪರೀಕ್ಷೆ ಸುಲಭ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ದ್ರವವನ್ನು ಬಿಳಿ ಹತ್ತಿಗೆ ಹಾಕಿ ಕಲ್ಲಿನ ಮೂಲೆ ಮೇಲೆ ಜೋರಾಗಿ ಉಜ್ಜಿ. ಹತ್ತಿ ಕಪ್ಪಾದರೆ ಆ ಕಲ್ಲು ಬೇಡ. ಇನ್ನೊಂದು, ನಾಲ್ಕು ಹನಿ ನೀರು ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ಒರೆಸಿದ ಮೇಲೂ ಆ ಜಾಗ ಗಾಢವಾಗಿದ್ದರೆ ಕಲ್ಲು ನೀರು ಕುಡಿಯುತ್ತಿದೆ ಅಂತ ಅರ್ಥ. ನೀರು ಕುಡಿಯುವ ಕಲ್ಲು ಎಣ್ಣೆಯನ್ನೂ ಕುಡಿಯುತ್ತದೆ. ತಿಳಿ ಬಣ್ಣದ ಕಲ್ಲುಗಳಲ್ಲಿ ಇದು ಹೆಚ್ಚು, ಅಂಥದ್ದು ಬೇಕೇಬೇಕು ಅಂದ್ರೆ ಸೀಲರ್ ಹಚ್ಚಿಸಿಕೊಳ್ಳಬೇಕು. ಮೂರನೆಯದು ಬಿರುಕು. ಇಡೀ ಹಲಗೆಗೆ ನೀರು ಚಿಮುಕಿಸಿ ಒರೆಸಿದರೆ, ಕೂದಲೆಳೆಯಂಥ ಬಿರುಕು ಇದ್ದ ಕಡೆ ಗೆರೆ ಬೇಗ ಒಣಗದೆ ಕಪ್ಪಗೆ ಕಾಣುತ್ತದೆ. ಸಿಂಕ್ ಕಟಿಂಗ್ ಬರೋ ಜಾಗದಲ್ಲಿ ಅಂಥ ಗೆರೆ ಇದ್ದರೆ ಕಲ್ಲು ಸಾಗಿಸುವಾಗಲೇ ಮುರಿಯುತ್ತದೆ.

‘ಬೇಜಾರು ಮಾಡ್ಕೋತಾರೇನೋ’ ಅಂತ ಇದನ್ನೆಲ್ಲಾ ಕೇಳದೆ ಬರುವವರೇ ಜಾಸ್ತಿ. ಒಳ್ಳೆ ಕಲ್ಲು ಇಟ್ಟ ಅಂಗಡಿಯವರಿಗೆ ಈ ಪರೀಕ್ಷೆಯಿಂದ ನಷ್ಟವೇನಿಲ್ಲ.

ಕ್ವಾರ್ಟ್ಜ್ ಚಂದ, ಬಿಸಿ ಪಾತ್ರೆ ಮಾತ್ರ ಇಡಬಾರದು

ಕ್ವಾರ್ಟ್ಜ್ ಅಂತ ಮಾರೋ ಹಲಗೆ ಇಡಿಯಾಗಿ ಗಣಿಯಿಂದ ಬಂದ ಕಲ್ಲಲ್ಲ. ಸುಮಾರು 90 ಪಾಲು ಬೆಣಚುಕಲ್ಲಿನ ಪುಡಿ, ಉಳಿದದ್ದು ರೆಸಿನ್ ಅನ್ನುವ ಅಂಟು ಮತ್ತು ಬಣ್ಣ ಸೇರಿಸಿ ಒತ್ತಿ ಮಾಡಿದ್ದು. ನೀರು ಕುಡಿಯಲ್ಲ, ಅಡುಗೆಮನೆಯ ಹುಳಿಗೆ ಜಗ್ಗಲ್ಲ, ಬಿಳಿ ಬಣ್ಣದಲ್ಲಿ ಎಲ್ಲ ಹಲಗೆಯೂ ಒಂದೇ ಥರ ಸಿಗುತ್ತೆ. ಇದರ ದುರ್ಬಲ ಜಾಗ ಆ ಅಂಟು. 150 ಡಿಗ್ರಿ ಆಸುಪಾಸಿನ ಬಿಸಿ ತಾಗಿದರೆ ಅದು ಸುಡುತ್ತದೆ. ಒಗ್ಗರಣೆ ಬಾಣಲೆ, ರೊಟ್ಟಿ ಹೆಂಚು ಅದಕ್ಕಿಂತ ಹೆಚ್ಚೇ ಕಾದಿರುತ್ತವೆ. ಒಮ್ಮೆ ಹಳದಿ ಉಂಗುರ ಬಿತ್ತು ಅಂದ್ರೆ ಅದು ಶಾಶ್ವತ. ನೇರ ಬಿಸಿಲಲ್ಲೂ ಬಣ್ಣ ಕೆಡುವುದರಿಂದ ಹಿತ್ತಲ ಕಟ್ಟೆಗೆ, ಟೆರೇಸ್‌ಗೆ ಬೇಡ. ಅಕ್ರಿಲಿಕ್ ಬೆರೆಸಿದ ‘ಸಾಲಿಡ್ ಸರ್ಫೇಸ್’ ಹಲಗೆಗೂ ಬಿಸಿ ಆಗದು, ಗೀರು ಬೇಗ ಬೀಳುತ್ತದೆ. ಆದರೆ ಉಜ್ಜುಕಾಗದ ಹಾಕಿ ಗೀರು ತೆಗೆಯಬಹುದು, ಜೋಡಣೆ ಕಾಣದಂತೆ ಕೂಡಿಸಬಹುದು.

ಕೊಯ್ಯುವವರ ಎದೆಗೆ ಹೋಗೋ ಧೂಳು

ಕ್ವಾರ್ಟ್ಜ್ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳದ ಸಂಗತಿ ಒಂದಿದೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಹಲಗೆಗಳ ತಯಾರಿಕೆ, ಮಾರಾಟ, ಕೊಯ್ಯುವಿಕೆ, ಅಳವಡಿಕೆಯನ್ನು ನಿಷೇಧಿಸಿತು. ಕಾರಣ ಮನೆಯವರಿಗೆ ಅಪಾಯ ಅಂತಲ್ಲ, ಕೂರಿಸಿದ ಮೇಲೆ ಕಲ್ಲು ಯಾರಿಗೂ ತೊಂದರೆ ಕೊಡಲ್ಲ. ಕೊಯ್ಯುವ ಹುಡುಗರಿಗೆ ಸಿಲಿಕೋಸಿಸ್ ಬರುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತೆ. ಆ ಗಾಯ ವಾಸಿ ಮಾಡುವ ಔಷಧಿ ಇಲ್ಲ, ಜೊತೆಗೆ ಕ್ಷಯ ಅಂಟಿಕೊಳ್ಳುವ ಸಾಧ್ಯತೆಯೂ ಹೆಚ್ಚು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೂ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು.

ಗ್ರಾನೈಟ್‌ನಲ್ಲೂ ಸಿಲಿಕಾ ಇದೆ, ಕ್ವಾರ್ಟ್ಜ್ ಹಲಗೆಗಿಂತ ಸಾಕಷ್ಟು ಕಡಿಮೆ ಅಷ್ಟೆ. ನಮ್ಮ ಊರುಗಳಲ್ಲಿ ಕೆಲಸ ನಡೆಯೋ ರೀತಿ ಎಲ್ಲರೂ ನೋಡಿರುವಂಥದ್ದೇ: ಮನೆ ಜಗುಲಿ ಮೇಲೆ ಕಲ್ಲಿಟ್ಟು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಒಣ ಕಟಿಂಗ್. ಬೀದಿಗೆಲ್ಲಾ ಬಿಳಿ ಹೊಗೆ. ಟವೆಲ್‌ನಿಂದ ಈ ಧೂಳು ನಿಲ್ಲಲ್ಲ. ಮಿಷನ್ ಬ್ಲೇಡಿಗೆ ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಬಹುಪಾಲು ಏಳುವುದಿಲ್ಲ, ಅದರ ಜೊತೆಗೆ ಎನ್95 ಮಾಸ್ಕ್ ಬೇಕು. ಕೆಲಸ ಒಪ್ಪಿಸುವಾಗಲೇ ‘ನೀರು ಹಾಕ್ಕೊಂಡೇ ಕೊಯ್ಯಬೇಕು, ಸಿಂಕ್ ಕಟಿಂಗ್ ಅಂಗಡಿಯಲ್ಲೇ ಆಗಲಿ’ ಅಂತ ಹೇಳಿಬಿಡಿ. ಮನೆ ಮಾಲೀಕರು ಕೇಳದಿದ್ದರೆ ಕೂಲಿ ಹುಡುಗ ಕೇಳಲಾರ. ಗ್ರಾನೈಟ್ ಅಂಗಡಿ ಇಟ್ಟವರಿಗೂ ಒಂದು ನೀರಿನ ಪೈಪು, ಒಂದು ಡಬ್ಬ ಮಾಸ್ಕ್ ದೊಡ್ಡ ಖರ್ಚಲ್ಲ.

ಟೈಲ್ಸ್, ನ್ಯಾನೋ ವೈಟ್, ಸ್ಟೀಲ್

ಕೈ ಹಿಡಿತ ಇದ್ದವರಿಗೆ ವಿಟ್ರಿಫೈಡ್ ಟೈಲ್ಸ್ ಸಾಕು. ಒಳ್ಳೆ ವಿಟ್ರಿಫೈಡ್ ಟೈಲ್ ತೂಕದ ಅರ್ಧ ಶೇಕಡಾದಷ್ಟೂ ನೀರು ಹೀರಲ್ಲ. ಕೊಳೆ ಕೂರೋದು ಸಂದಿನಲ್ಲಿ. ಹಾಗಾಗಿ ದೊಡ್ಡ ಅಳತೆಯ ದಪ್ಪ ಹಲಗೆ ತಗೊಂಡು ಸಂದಿಗೆ ಸಿಮೆಂಟ್ ಬದಲು ಎಪಾಕ್ಸಿ ತುಂಬಿಸಿ. ಅಂಚಿಗೆ ಕುಕ್ಕರ್ ಬಡಿದರೆ ಚಕ್ಕೆ ಏಳುತ್ತೆ ಅನ್ನೋದು ನೆನಪಿರಲಿ. ನ್ಯಾನೋ ವೈಟ್ ಗಾಜಿನ ಜಾತಿಯದ್ದು, ಅದರ ಅಂಚಿಗೂ ಇದೇ ಕಷ್ಟ.

ಹೋಟೆಲ್, ಬೇಕರಿ, ಮೆಸ್ ನಡೆಸುವವರಿಗೆ ಸ್ಟೀಲೇ ಸರಿ. ಇಲ್ಲಿ ಕೇಳಬೇಕಾದ್ದು 304 ಗ್ರೇಡ್. ‘ಅಯಸ್ಕಾಂತ ಅಂಟಲ್ಲ ನೋಡಿ, ಅಸಲಿ’ ಅನ್ನೋ ಮಾತು ನಂಬಬೇಡಿ. ಅಗ್ಗದ 202 ಗ್ರೇಡಿಗೂ ಅಯಸ್ಕಾಂತ ಅಂಟಲ್ಲ. ಆದರೆ ಉಪ್ಪು, ಹುಳಿ, ನೀರಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ಗ್ರೇಡ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಬಾತ್‌ರೂಮ್ ಲೆಕ್ಕ ಬೇರೆ

ವಾಶ್‌ಬೇಸಿನ್ ಕಟ್ಟೆಗೆ ಬಿಸಿ ಪಾತ್ರೆ ಕಾಟ ಇಲ್ಲ. ಅಲ್ಲಿ ಕಾಟ ಬೋರ್‌ವೆಲ್ ನೀರಿನದ್ದು. ಗಡಸು ನೀರು ಒಣಗಿದ ಮೇಲೆ ಬಿಳಿ ಪೊರೆ ಬಿಡುತ್ತೆ. ಕಪ್ಪು ಕಲ್ಲಿನ ಮೇಲೆ ಅದು ಎದ್ದು ಕಾಣುತ್ತದೆ. ಬೂದು ಬಣ್ಣವೋ ಚುಕ್ಕೆ ಚುಕ್ಕೆ ಕಲ್ಲೋ ಆದರೆ ಗೊತ್ತಾಗಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಅನ್ನು ಯಾವ ಕಲ್ಲಿಗೂ ಹಾಕಬಾರದು. ಮಾರ್ಬಲ್, ಕಡಪಕ್ಕಂತೂ ಒಂದೇ ಸಲ ಸಾಕು, ಹಾಳಾಗುತ್ತೆ. ಬೇಸಿನ್ ಕಟ್ಟೆಗೆ ಬೇಕಾಗೋದು ನಾಲ್ಕೈದು ಚದರಡಿ, ಇದಕ್ಕೆ ಹೊಸ ಹಲಗೆ ಕೊಯ್ಸೋದು ದಂಡ. ಅಂಗಡಿ ಹಿಂದೆ ಉಳಿದ ತುಂಡುಗಳ ರಾಶಿ ಇರುತ್ತೆ, ಅಲ್ಲಿ ಹುಡುಕಿದರೆ ಕಡಿಮೆ ಬೆಲೆಗೆ ಒಳ್ಳೆ ಕಲ್ಲು ಸಿಗುತ್ತದೆ.

ಅಳತೆಯಲ್ಲಿ ಹೋಗೋ ದುಡ್ಡು

‘ಎಲ್’ ಆಕಾರದ ಕಟ್ಟೆ ಇದ್ದವರು ಎಚ್ಚರ. ಗೋಡೆ ಉದ್ದಕ್ಕೆ ಅಳೆದಾಗ ಒಂದು ಕಡೆ 10 ಅಡಿ, ಇನ್ನೊಂದು ಕಡೆ 6 ಅಡಿ, ಅಗಲ 2 ಅಡಿ ಅಂದುಕೊಳ್ಳಿ. 16 ಅಡಿಗೆ 2 ಅಡಿ ಅಂತ ಗುಣಿಸಿ 32 ಚದರಡಿ ಬಿಲ್ ಮಾಡಿದರೆ ಮೂಲೆಯ 4 ಚದರಡಿಗೆ ಎರಡು ಸಲ ದುಡ್ಡು ಕೊಟ್ಟಂತಾಯಿತು. ನಿಜವಾದ ಲೆಕ್ಕ 28. ವೇಸ್ಟೇಜ್ ಸೇರಿಸೋದಿದ್ದರೆ ಬೇರೆಯಾಗಿ ತೋರಿಸಲಿ. ಅಂಚಿನ ಮೋಲ್ಡಿಂಗ್ ಅಡಿ ಲೆಕ್ಕ, ಸಿಂಕ್ ಮತ್ತು ಒಲೆ ಕಟಿಂಗ್ ಒಂದೊಂದಕ್ಕೆ ಇಷ್ಟು ಅಂತ, ಸಾಗಾಣಿಕೆ, ಕೂರಿಸುವ ಕೂಲಿ, ಎಲ್ಲ ಮೊದಲೇ ಚೀಟಿಯಲ್ಲಿ ಬರಲಿ. ಕಲ್ಲಿನ ದಪ್ಪವನ್ನೂ ಟೇಪ್ ಇಟ್ಟು ನೋಡಿ. 20 ಎಂ.ಎಂ. ಗ್ರಾನೈಟ್ ಚದರಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ. ಆ 28 ಚದರಡಿ ಕಟ್ಟೆ ಅಂದರೆ 140 ಕೆ.ಜಿ. ಆಯಿತು. ಪ್ಲೈವುಡ್ ಡಬ್ಬಗಳ ಮಾಡ್ಯುಲರ್ ಕಿಚನ್ ಮಾಡಿಸುವವರು ಆ ಭಾರ ಹೊರೋದು ಯಾವುದು ಅಂತ ಬಡಗಿ ಹತ್ರ ಮೊದಲೇ ಕೇಳಿಟ್ಟುಕೊಳ್ಳಬೇಕು.