ಪಿಮಾಯ್: ಮೂನ್ ನದಿಯ ದಂಡೆಯ ಹಳೆಯ ರಾಜಧಾನಿ

ಥಾಯ್ಲೆಂಡಿನ ಈಶಾನ್ಯದಲ್ಲಿ, ಖೊರಾತ್ ಪ್ರಸ್ಥಭೂಮಿಯ ಮೇಲೆ ಪಿಮಾಯ್ ಇದೆ. ನಖೋನ್ ರಾಚಸಿಮಾ ಪ್ರಾಂತ್ಯದ ಈ ಆಡಳಿತ ವಿಭಾಗವನ್ನು ನಮ್ಮ ತಾಲ್ಲೂಕಿಗೆ ಹೋಲಿಸಬಹುದು. ಪ್ರಾಂತ್ಯದ ಮುಖ್ಯ ನಗರದಿಂದ ಇಲ್ಲಿಗೆ ಸುಮಾರು 60 ಕಿ.ಮೀ. ದೂರ. ನೆಲ ಸಮತಟ್ಟು, ಮಣ್ಣು ಮರಳು ಬೆರೆತದ್ದು. ಪ್ರಸ್ಥಭೂಮಿಯ ಅಡಿಯಲ್ಲಿ ಕಲ್ಲುಪ್ಪಿನ ಪದರಗಳಿರುವುದರಿಂದ ತಗ್ಗಿನ ಗದ್ದೆಗಳಲ್ಲಿ ಉಪ್ಪು ಮೇಲೇಳುವುದುಂಟು. ಇಂಥ ಸೀಮೆಯಲ್ಲಿ ಬೇಸಾಯಕ್ಕೂ ಸಾಗಾಟಕ್ಕೂ ಆಸರೆಯಾದದ್ದು ಪೂರ್ವಕ್ಕೆ ಹರಿದು ಮೆಕಾಂಗ್ ಸೇರುವ ಮೂನ್ ನದಿ.

ನದಿಯ ದಂಡೆಯಲ್ಲಿ ಕಬ್ಬಿಣಯುಗದಲ್ಲೇ ಜನವಸತಿಯಿತ್ತು. ಆ ಕಾಲದ ನಯವಾದ ಕಪ್ಪು ಮಡಕೆಗಳನ್ನು ಪುರಾತತ್ತ್ವಜ್ಞರು ‘ಪಿಮಾಯ್ ಕಪ್ಪು ಮಡಕೆ’ ಎಂದೇ ಗುರುತಿಸುತ್ತಾರೆ. ಮುಂದೆ ಕಾಂಬೋಡಿಯಾದ ಖ್ಮೇರ್ ಅರಸರ ಆಳ್ವಿಕೆಯಲ್ಲಿ ಈ ಊರು ವಿಮಾಯಪುರವೆಂಬ ಪ್ರಾಂತೀಯ ರಾಜಧಾನಿಯಾಯಿತು. 11ನೇ ಶತಮಾನದ ಕೊನೆಯಲ್ಲಿ ಖ್ಮೇರ್ ರಾಜಧಾನಿ ಅಂಕೋರ್‌ನ ಸಿಂಹಾಸನವೇರಿದ ಮಹೀಧರಪುರ ವಂಶದ ಮೂಲವೂ ಈ ಸೀಮೆಯೇ.

ಇಲ್ಲಿನ ದೊಡ್ಡ ಗುಡಿ ಅದೇ ಕಾಲದ್ದು. ಬಾಗಿಲುವಾಡದ ಒಂದು ಶಾಸನದಲ್ಲಿ ಶಕ ವರ್ಷ 1030, ಅಂದರೆ ಕ್ರಿ.ಶ. 1108ರ ಉಲ್ಲೇಖವಿದೆ. ಬಿಳಿ ಮರಳುಗಲ್ಲಿನ ಗೋಪುರ ಸುಮಾರು 28 ಮೀಟರ್ ಎತ್ತರವಿದೆ. ಇದು ಮಹಾಯಾನ ಬೌದ್ಧರ ಗುಡಿಯಾದರೂ, ಹೊರಬದಿಯ ಬಾಗಿಲುಗಳ ಮೇಲೆ ರಾಮಾಯಣದ ಕಥೆ ಕಾಣುತ್ತದೆ. ನಾಗಪಾಶಕ್ಕೆ ಸಿಕ್ಕ ರಾಮಲಕ್ಷ್ಮಣರ ಕೆತ್ತನೆ ಅವುಗಳಲ್ಲಿ ಪ್ರಸಿದ್ಧ. ಖ್ಮೇರ್ ಗುಡಿಗಳು ಸಾಮಾನ್ಯವಾಗಿ ಪೂರ್ವಾಭಿಮುಖ; ಇದು ಮಾತ್ರ ಅಂಕೋರ್ ಇರುವ ಆಗ್ನೇಯಕ್ಕೆ ಮುಖಮಾಡಿದೆ. ಎರಡು ನಗರಗಳ ನಡುವೆ ರಾಜಮಾರ್ಗವಿತ್ತು. ಆ ದಾರಿಯಲ್ಲಿ ಏಳನೆಯ ಜಯವರ್ಮನು 17 ತಂಗುಮನೆಗಳನ್ನು ಕಟ್ಟಿಸಿದನೆಂದು 1191ರ ಪ್ರೇಹ್ ಖಾನ್ ಶಾಸನ ಹೇಳುತ್ತದೆ. ಅವನ ಕಾಲದ ಆರೋಗ್ಯಶಾಲೆಯ ಅವಶೇಷವೂ ಊರಿನ ದಕ್ಷಿಣಕ್ಕಿದೆ.

ಅಂಕೋರ್ ಸೊರಗಿದಂತೆ ಪಿಮಾಯ್‌ನ ಪ್ರಾಬಲ್ಯವೂ ಕುಗ್ಗಿತು. ಅಧಿಕಾರದ ಕೇಂದ್ರ ಥಾಯ್ ರಾಜಧಾನಿ ಆಯುತ್ತಾಯಕ್ಕೆ ಸರಿಯಿತು. 1767ರಲ್ಲಿ ಬರ್ಮಾದ ಸೇನೆ ಆಯುತ್ತಾಯವನ್ನು ನಾಶಮಾಡಿದಾಗ ಅಲ್ಲಿನ ರಾಜಕುಮಾರ ತೆಪ್ಪಿಪಿತ್ ಪಿಮಾಯ್‌ನಲ್ಲಿ ನೆಲೆಯೂರಿ ಸ್ವತಂತ್ರವಾಗಿ ಆಳತೊಡಗಿದ. ಮರುವರ್ಷವೇ ತಾಕ್ಸಿನ್ ರಾಜನ ಸೈನ್ಯ ಆ ಆಳ್ವಿಕೆಯನ್ನು ಕೊನೆಗಾಣಿಸಿತು. 1900ರಲ್ಲಿ ಬ್ಯಾಂಕಾಕ್‌ನಿಂದ ರೈಲು ನಖೋನ್ ರಾಚಸಿಮಾ ನಗರಕ್ಕೆ ಬಂದ ಮೇಲೆ ವ್ಯಾಪಾರವೂ ಅತ್ತಲೇ ಬೆಳೆಯಿತು. ಪಿಮಾಯ್ ಗದ್ದೆಗಳ ನಡುವಿನ ಸಣ್ಣ ಊರಾಗಿ ಉಳಿಯಿತು.

1960ರ ದಶಕದಲ್ಲಿ ಗುಡಿಯ ಜೀರ್ಣೋದ್ಧಾರ ಆರಂಭವಾಯಿತು. 1989ರಲ್ಲಿ ಐತಿಹಾಸಿಕ ಉದ್ಯಾನವನ್ನು ಉದ್ಘಾಟಿಸಲಾಯಿತು. 2004ರಲ್ಲಿ ಥಾಯ್ಲೆಂಡ್ ಇದನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು. ಇಂದು ಇಲ್ಲಿನವರ ಮುಖ್ಯ ಕಸುಬು ಭತ್ತದ ಬೇಸಾಯ. ಅಕ್ಕಿ ಶಾವಿಗೆ ಮತ್ತು ಪ್ರವಾಸೋದ್ಯಮ ಅದಕ್ಕೆ ಪೂರಕ ಆದಾಯ ತರುತ್ತವೆ.