ಕೇಳಿಸಿತು ಸರಿ, ಮಗು ಹೇಗಿದೆ?



ರೇಡಿಯೋದವರಿಗೆ ನಿಮ್ಮ ಕಿವಿಯೇ ಅನ್ನ. ಹಾಗಾಗಿ ಈ ಬಾರಿ ಕಿವಿಯದ್ದೇ ಒಂದಿಷ್ಟು ಚರಿತ್ರೆ. ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ನೀವು ಕೇಳಿರಬಹುದು. ಆ ಯಂತ್ರದ ಕಥೆಯನ್ನು ಅನೇಕರು ಬರೆದಿದ್ದಾರೆ. ಅದನ್ನು ಹಾಕಿಕೊಂಡ ಮೇಲೆ ಹೇಗಿದ್ದೀಯಪ್ಪಾ ಎಂದು ಮಗುವನ್ನೇ ಕೇಳಲು ಎಷ್ಟು ಕಾಲ ಹಿಡಿಯಿತು ಎನ್ನುವುದು ನನಗೆ ಅದಕ್ಕಿಂತ ಕುತೂಹಲದ ಸಂಗತಿ.

ಶುರುವಾದದ್ದು ಇಟಲಿಯ ವೋಲ್ಟಾನಿಂದ. ತಾನು ಕಂಡುಹಿಡಿದ ಬ್ಯಾಟರಿಯ ಎರಡು ತುದಿಗಳನ್ನು ಆತ ತನ್ನ ಎರಡೂ ಕಿವಿಗಳಿಗೆ ಇಟ್ಟುಕೊಂಡು ನೋಡಿದ. ತಲೆಗೆ ಏಟು ಬಿದ್ದಂತಾಗಿ, ಗಟ್ಟಿ ದ್ರವ ಕೊತಕೊತ ಕುದಿಯುವಂಥ ಸದ್ದು ಕೇಳಿತಂತೆ. 1800ರಲ್ಲಿ ಅದನ್ನು ಬರೆದಿಟ್ಟ. 1957ರಲ್ಲಿ ಪ್ಯಾರಿಸ್‌ನ ಜೂರ್ನೋ ಮತ್ತು ಐರಿಯೆಸ್, 1961ರಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಕಿವಿಯೊಳಕ್ಕೇ ತಂತಿ ಇಳಿಸಿದರು. ಸದ್ದು ಕೇಳಿತು, ಮಾತು ತಿಳಿಯಲಿಲ್ಲ.

ಮಾತು ತಿಳಿಯಬೇಕಾದರೆ ಒಂದು ತಂತಿ ಸಾಲದು. ನಮ್ಮ ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿದ್ದು, ತೀಕ್ಷ್ಣ ಸ್ವರ ಒಂದು ಕಡೆ, ಮಂದ್ರ ಸ್ವರ ಇನ್ನೊಂದು ಕಡೆ ಮಿಡಿಯುತ್ತವೆ. ಸುರುಳಿಯೊಳಕ್ಕೆ ಹಲವು ತಂತಿಗಳ ಗೊಂಚಲನ್ನು ನುಗ್ಗಿಸುವುದು ಹೇಗೆ? ಇದಕ್ಕೆ ತಲೆ ಕೆಡಿಸಿಕೊಂಡವರಲ್ಲಿ ಒಬ್ಬರು ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್. ಅವರ ತಂದೆ ಔಷಧಿ ಅಂಗಡಿಯವರು, ಕಿವಿ ಮಂದ. 1977ರಲ್ಲಿ ಕಡಲತೀರದಲ್ಲಿ ಕೂತಿದ್ದಾಗ ಕ್ಲಾರ್ಕ್ ಒಂದು ಶಂಖದ ಚಿಪ್ಪಿನೊಳಕ್ಕೆ ಹುಲ್ಲಿನ ಎಸಳು ತೂರಿಸಿ ನೋಡಿದರು. ಬುಡ ಗಟ್ಟಿ, ತುದಿ ಮೆತ್ತಗಿದ್ದ ಹುಲ್ಲು ಸರಾಗವಾಗಿ ಒಳಗೆ ಸುತ್ತಿಕೊಂಡಿತು!

1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ ರಾಡ್ ಸಾಂಡರ್ಸ್ ಎಂಬವರಿಗೆ ಅದನ್ನು ಅಳವಡಿಸಿದರು. ಅಪಘಾತವೊಂದರಲ್ಲಿ ಅವರು ಶ್ರವಣಶಕ್ತಿ ಕಳೆದುಕೊಂಡಿದ್ದರು. ಯಂತ್ರದ ಮೂಲಕ ರಾಷ್ಟ್ರಗೀತೆಯ ಧಾಟಿ ಕೇಳಿಸಿದಾಗ ಮನುಷ್ಯ ಎದ್ದು ನೆಟ್ಟಗೆ ನಿಂತುಬಿಟ್ಟರಂತೆ. ವಿಯೆನ್ನಾದಲ್ಲಿ ಹೋಕ್‌ಮೈರ್ ದಂಪತಿಗಳೂ ಇದೇ ಹೊತ್ತಿಗೆ ತಮ್ಮದೇ ಉಪಕರಣ ಸಿದ್ಧಪಡಿಸಿದ್ದರು.

ಆದರೆ ನೋಡಿ, ಸಾಂಡರ್ಸ್ ಅವರ ನೆನಪಿನಲ್ಲಿ ಆ ಧಾಟಿ ಮೊದಲೇ ಇತ್ತು. ಹುಟ್ಟಿನಿಂದ ಕೇಳದ ಕೂಸಿಗೆ ಎದ್ದು ನಿಲ್ಲಲು ಯಾವ ಧಾಟಿಯೂ ಗೊತ್ತಿಲ್ಲ. ಅದು ಮೊದಲ ಸದ್ದಿನಿಂದ ಕಲಿಯಬೇಕು, ಅದೂ ಎಳೆಯ ವಯಸ್ಸಿನಲ್ಲೇ. 1990ರಲ್ಲಿ ಅಮೆರಿಕ ಸರ್ಕಾರ 2 ವರ್ಷ ದಾಟಿದ ಮಕ್ಕಳಿಗೂ ಈ ಇಂಪ್ಲಾಂಟ್‌ಗೆ ಒಪ್ಪಿಗೆ ಕೊಟ್ಟಿತು. ಮರುವರ್ಷವೇ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ಅದನ್ನು ಖಂಡಿಸಿತು. ಕೈಸನ್ನೆಯೂ ಒಂದು ಭಾಷೆಯಲ್ಲವೇ, ಮಗು ತಾನಾಗಿ ಒಪ್ಪದ ಶಸ್ತ್ರಚಿಕಿತ್ಸೆ ಏಕೆ ಎಂಬುದು ಅವರ ಕಡೆಯ ವಾದ. 2000ದಲ್ಲಿ ಸಂಘ ನಿಲುವನ್ನು ಸಡಿಲಿಸಿತು. ಆದರೂ ಆ ಪ್ರಶ್ನೆ ಹುರುಳಿಲ್ಲದ್ದು ಎಂದು ನನಗೆ ಅನ್ನಿಸುವುದಿಲ್ಲ.

ಅದೇ 2000ದಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ತಂಡವೊಂದು 78 ಮಕ್ಕಳ ತಂದೆತಾಯಿಗಳನ್ನು ವಿಚಾರಿಸಿ, ಒಂದು ಮಗುವಿಗೆ ಇಂಪ್ಲಾಂಟ್ ಮಾಡಿದರೆ ಸಮಾಜಕ್ಕೆ ಸುಮಾರು 53 ಸಾವಿರ ಡಾಲರ್ ಉಳಿಯುತ್ತದೆ ಎಂದು ಲೆಕ್ಕ ಹಾಕಿತು. ಸರ್ಕಾರಗಳಿಗೆ ಇಂಥ ಲೆಕ್ಕ ಬೇಕು, ಒಪ್ಪೋಣ. ಮಗುವಿನ ಪರವಾಗಿ ಉತ್ತರ ಹೇಳಿದವರು ಮಾತ್ರ ದೊಡ್ಡವರು.

ಮಕ್ಕಳನ್ನೇ ಕೇಳಿದ ಅಧ್ಯಯನಗಳಲ್ಲಿ 2010ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನವರು ಪ್ರಕಟಿಸಿದ್ದು ನನಗೆ ಬಹಳ ಹಿಡಿಸಿತು. 88 ಕುಟುಂಬಗಳು, 8ರಿಂದ 16 ವರ್ಷದ ಮಕ್ಕಳು. ಒಟ್ಟಾರೆ ಬದುಕಿಗೆ ಈ ಮಕ್ಕಳು ಕೊಟ್ಟ ಅಂಕ, ಕಿವಿ ಚೆನ್ನಾಗಿ ಕೇಳುವ ಮಕ್ಕಳಷ್ಟೇ ಇತ್ತು. ಬೇಗ ಇಂಪ್ಲಾಂಟ್ ಆದವರು, ಹೆಚ್ಚು ವರ್ಷ ಬಳಸಿದವರು ಇನ್ನೂ ಹೆಚ್ಚು ಅಂಕ ಕೊಟ್ಟರು. ಹದಿಹರೆಯದವರು ಚಿಕ್ಕವರಷ್ಟು ಖುಷಿಯಾಗಿರಲಿಲ್ಲ. ಆ ವಯಸ್ಸೇ ಹಾಗೆ ಬಿಡಿ. ಆದರೆ 8ರಿಂದ 11ರ ಮಕ್ಕಳು ಒಂದು ವಿಷಯಕ್ಕೆ ಮಾತ್ರ ಇತರ ಮಕ್ಕಳಿಗಿಂತ ಕಡಿಮೆ ಅಂಕ ಕೊಟ್ಟಿದ್ದರು. ಶಾಲೆಗಲ್ಲ, ಗೆಳೆಯರಿಗಲ್ಲ. ಮನೆಗೆ.

ಏಕೆ? ನನ್ನ ಊಹೆ ಹೇಳುತ್ತೇನೆ. ಇಂಪ್ಲಾಂಟ್ ಆದ ಮಗುವಿನ ಮನೆ ವರ್ಷಗಟ್ಟಲೆ ಪಾಠಶಾಲೆಯಾಗಿರುತ್ತದೆ. 'ಇದೇನು ಸದ್ದು? ಇನ್ನೊಮ್ಮೆ ಹೇಳು' ಎಂದು ದಿನವಿಡೀ ಅಭ್ಯಾಸ. ಅಮ್ಮ ಅಮ್ಮನಾಗಿ ಇರುವುದಕ್ಕಿಂತ ಟೀಚರಾಗಿ ಇರುವ ಹೊತ್ತೇ ಹೆಚ್ಚು. ಮೈಸೂರಿನಲ್ಲಿ ತಾಯಂದಿರೇ ಮಕ್ಕಳ ಜೊತೆ ತರಗತಿಯಲ್ಲಿ ಕೂತು ಕಲಿಯುವ ಪದ್ಧತಿ ಹಿಂದಿನಿಂದಲೂ ಇದೆ. ಅದಕ್ಕಾಗಿ ಊರು ಬಿಟ್ಟು ಬಂದು ಬಾಡಿಗೆ ಮನೆ ಹಿಡಿದ ತಾಯಂದಿರ ತ್ಯಾಗ ಯಾವ ಲೆಕ್ಕಕ್ಕೂ ಸಿಕ್ಕಿದ್ದಲ್ಲ.

ನಮ್ಮ ದೇಶದಲ್ಲಿ ಹಣದ ತೊಡಕನ್ನು ಸರ್ಕಾರ ಸ್ವಲ್ಪ ಬಿಡಿಸಿದ್ದು 2014ರಲ್ಲಿ. ಕೇಂದ್ರದ ಅಡಿಪ್ ಯೋಜನೆಯಲ್ಲಿ ವರ್ಷಕ್ಕೆ 500 ಮಕ್ಕಳಿಗೆ, ತಲಾ 6 ಲಕ್ಷ ರೂಪಾಯಿವರೆಗೆ ನೆರವು ನಿಗದಿಯಾಯಿತು. ನಮ್ಮ ಮುಂಬಯಿಯ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ಸಂಸ್ಥೆಗೆ ಅದರ ಉಸ್ತುವಾರಿ. ಆದರೆ ಶಸ್ತ್ರಚಿಕಿತ್ಸೆಯಾದ ಮೇಲೂ ಬ್ಯಾಟರಿ, ವೈರು, ರಿಪೇರಿ ಎಂದು ಖರ್ಚು ನಿಲ್ಲುವುದಿಲ್ಲ.

ಹೊರನಾಡ ಕನ್ನಡಿಗರಿಗೆ ಇನ್ನೊಂದು ಇಕ್ಕಟ್ಟು. ಶಾಲೆಯಲ್ಲಿ ಹಿಂದಿಯೋ ಮರಾಠಿಯೋ ಇಂಗ್ಲಿಷೋ. ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲೂ ಅದನ್ನೇ ಮಾತಾಡಿ ಎಂಬ ಸಲಹೆ ಎಷ್ಟೋ ತಂದೆತಾಯಿಗಳಿಗೆ ಸಿಗುತ್ತಿತ್ತು. ಹಾಗೆ ಮಾಡಿದ ಮನೆಗಳಲ್ಲಿ ಲಕ್ಷಗಟ್ಟಲೆ ಸುರಿದು ತಂದ ಕಿವಿಗೆ ಅಜ್ಜಿಯ ಮಾತು ಬರೀ ಸದ್ದಾಗಿ ಉಳಿಯುತ್ತದೆ. ಎಳೆಯದರಲ್ಲೇ ಇಂಪ್ಲಾಂಟ್ ಆಗಿ, ಒಳ್ಳೆಯ ತರಬೇತಿ ಸಿಕ್ಕ ಮಕ್ಕಳು ಎರಡು ಭಾಷೆಗಳನ್ನೂ ಕಲಿಯಬಲ್ಲರು ಎಂದು 2000ದ ನಂತರದ ಅಧ್ಯಯನಗಳು ತೋರಿಸಿವೆ. ಎಲ್ಲ ಮಕ್ಕಳಿಗೂ ಒಂದೇ ಲೆಕ್ಕ ಅನ್ವಯಿಸದು, ನಿಜ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥ ಮಗುವಿದ್ದರೆ, ಕನ್ನಡವನ್ನು ಕೈಬಿಡುವ ಮುನ್ನ ಆ ಮಗುವಿನ ವಾಕ್ ಚಿಕಿತ್ಸಕರನ್ನು ಈ ಬಗ್ಗೆ ಒಮ್ಮೆ ಕೇಳಿ ನೋಡಿ.