ಉನಿ

ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯಿಂದ ತೆಗೆಯುವ ಜಪಾನಿನ ದುಬಾರಿ ತಿನಿಸು. ಇದನ್ನು ಮೊಟ್ಟೆಯೆಂದು ತಿಳಿದವರುಂಟು. ನಿಜಕ್ಕೂ ತಿನ್ನುವುದು ಗಂಡು ಹೆಣ್ಣು ಎರಡರಲ್ಲೂ ಇರುವ, ಐದು ಎಸಳಿನ ಜನನಗ್ರಂಥಿಯನ್ನು.

ಜಪಾನಿನ ಹೊಕ್ಕೈಡೊದ ರಿಶಿರಿ, ರೆಬುನ್ ದ್ವೀಪಗಳಲ್ಲಿ ಬೇಸಿಗೆಯೇ ಇದರ ಸುಗ್ಗಿ. ಮೀನುಗಾರ ಸಣ್ಣ ದೋಣಿಯ ಅಂಚಿಗೆ ಬಾಗಿ, ಗಾಜಿನ ತಳದ ಪೆಟ್ಟಿಗೆಯಲ್ಲಿ ಕಡಲತಳ ನೋಡುತ್ತಾ, ಉದ್ದ ಕೋಲಿನ ಬಲೆಯಿಂದ ಒಂದೊಂದನ್ನೇ ಎತ್ತುತ್ತಾನೆ. ದಡದಲ್ಲಿ ಚಿಪ್ಪೊಡೆದು, ಹಳದಿ ಎಸಳುಗಳನ್ನು ಹರಿಯದಂತೆ ಬಿಡಿಸಿ, ಉಪ್ಪುನೀರಿನಲ್ಲಿ ತೊಳೆಯುತ್ತಾರೆ. ಬೆಲೆಯ ಒಂದು ಪಾಲು ಈ ಕೈಚಳಕಕ್ಕೇ ಸಲ್ಲಬೇಕು. ಅಲ್ಲಿನ ಕೆಲ್ಪ್ ಪಾಚಿಯನ್ನು ಮೇಯ್ದ ಉನಿಯ ರುಚಿಗೆ ವಿಶೇಷ ಹೆಸರಿದೆ.

ಬಿಸಿ ಅನ್ನದ ಮೇಲೆ ಹಸಿಯಾಗಿಯೇ ಹರಡಿ ತಿನ್ನುವ ಖಾದ್ಯ ‘ಉನಿದೊನ್’. ಮಾರಾಟಕ್ಕಿಡುವಾಗ ಎಸಳು ಕರಗದಿರಲೆಂದು ಪಟಿಕ ಬಳಸುವುದುಂಟು, ಹೆಚ್ಚಾದರೆ ಕಹಿ. ಪಟಿಕವಿಲ್ಲದೆ ಉಪ್ಪುನೀರಿನಲ್ಲಿಟ್ಟು ಮಾರುವ ಉನಿಯೇ ರುಚಿಯಲ್ಲಿ ಮೇಲು.